ಪಾಸ್‌ವರ್ಡ್ ಸರಿಯಾಗಿದೆ, ಲಾಗಿನ್ ಮಾತ್ರ ಆಗುತ್ತಿಲ್ಲ

"ನಾವು ಯಾರೂ ಏನೂ ಮುಟ್ಟಿಲ್ಲ ಸರ್" ಎಂದರು ಅಪ್ಲಿಕೇಶನ್ ತಂಡದವರು. ಈ ಮಾತನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ. ಆದರೆ ಆ ದಿನ ಅದು ನಿಜವಾಗಿತ್ತು. ಯಾರೂ ಮುಟ್ಟದೆ ಇದ್ದದ್ದೇ ತೊಂದರೆಯಾಗಿತ್ತು.

ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿದ್ದ ನಮ್ಮ ಡೇಟಾಬೇಸ್‌ಗಳನ್ನು ಹೊಸ ಯಂತ್ರಕ್ಕೆ ಸಾಗಿಸಿ ಒಂದೂವರೆ ತಿಂಗಳಾಗಿತ್ತು. ಎಲ್ಲ ಚೆನ್ನಾಗಿಯೇ ಓಡುತ್ತಿತ್ತು. ಒಂದು ಬೆಳಗ್ಗೆ ಬಿಲ್ಲಿಂಗ್ ಅಪ್ಲಿಕೇಶನ್ ಡೇಟಾಬೇಸ್‌ಗೆ ಹೋಗುವುದನ್ನೇ ನಿಲ್ಲಿಸಿತು. ಎರರ್ ನಂಬರ್ 18487. ಅಂದರೆ ಈ ಖಾತೆಯ ಪಾಸ್‌ವರ್ಡ್ ಅವಧಿ ಮುಗಿದಿದೆ ಎಂದರ್ಥ. ಆ ಲಾಗಿನ್, ಅಂದರೆ ಅಪ್ಲಿಕೇಶನ್ ಡೇಟಾಬೇಸ್‌ಗೆ ಹೋಗಲು ಬಳಸುವ ಖಾತೆ, ಸೃಷ್ಟಿಸಿದ ದಿನದಿಂದ ಬೆರಳು ಮಡಿಚಿ ಎಣಿಸಿದೆ. 42 ದಿನ ಕಳೆದಿತ್ತು. ವಿಂಡೋಸ್‌ನಲ್ಲಿ ಯಾರೂ ಬದಲಿಸದಿದ್ದರೆ ಪಾಸ್‌ವರ್ಡ್‌ನ ಗರಿಷ್ಠ ಆಯಸ್ಸು 42 ದಿನವೇ. ನಮ್ಮಲ್ಲಿ ಯಾರೂ ಬದಲಿಸಿರಲಿಲ್ಲ.

ತಪ್ಪು ನನ್ನದು. ಆ ಲಾಗಿನ್ ಅನ್ನು ಎಸ್‌ಕ್ಯೂಎಲ್ ಸರ್ವರ್ ನೋಡಿಕೊಳ್ಳುವ ಸಾಧನವಾದ ಮ್ಯಾನೇಜ್‌ಮೆಂಟ್ ಸ್ಟುಡಿಯೋದ ಕಿಟಕಿಯಲ್ಲಿ ಮಾಡಿದ್ದೆ. ಅಲ್ಲಿ ಪಾಸ್‌ವರ್ಡ್ ಪೆಟ್ಟಿಗೆಯ ಕೆಳಗೆ ಮೂರು ಟಿಕ್ ಇರುತ್ತವೆ. ಒಂದು, ಪಾಲಿಸಿಯನ್ನು, ಅಂದರೆ ವಿಂಡೋಸ್‌ನ ಪಾಸ್‌ವರ್ಡ್ ನಿಯಮಗಳನ್ನು, ಪಾಲಿಸಬೇಕು. ಎರಡು, ಅವಧಿ ಮುಗಿಯಬೇಕು. ಮೂರು, ಮೊದಲ ಲಾಗಿನ್‌ನಲ್ಲೇ ಪಾಸ್‌ವರ್ಡ್ ಬದಲಿಸಬೇಕು. ಮೂರೂ ಟಿಕ್ ಆಗಿಯೇ ತೆರೆಯುತ್ತವೆ. ನಾನು ಮೂರನೆಯದನ್ನು ತೆಗೆದು ಸುಮ್ನೆ ಓಕೆ ಒತ್ತಿದ್ದೆ. ಇದೇ ಕೆಲಸವನ್ನು ಕ್ರಿಯೇಟ್ ಲಾಗಿನ್ ಆಜ್ಞೆಯಲ್ಲಿ ಮಾಡಿದ್ದರೆ ಹೀಗಾಗುತ್ತಿರಲಿಲ್ಲ. ಅಲ್ಲಿ ನಾವೇನೂ ಹೇಳದಿದ್ದರೆ ಚೆಕ್ ಪಾಲಿಸಿ ಆನ್ ಇರುತ್ತದೆ, ಚೆಕ್ ಎಕ್ಸ್‌ಪಿರೇಶನ್ ಆಫ್ ಇರುತ್ತದೆ. ಒಂದೇ ಸರ್ವರ್, ಎರಡು ಬಾಗಿಲು, ಎರಡು ನಡವಳಿಕೆ. ಅಂದಿನಿಂದ ಕಿಟಕಿಯಲ್ಲಿ ಲಾಗಿನ್ ಮಾಡುವುದನ್ನು ಬಿಟ್ಟೆ.

ಆ ಬೆಳಗ್ಗೆ ಸರಿಪಡಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಆಲ್ಟರ್ ಲಾಗಿನ್ ಆಜ್ಞೆಯಲ್ಲಿ ಚೆಕ್ ಎಕ್ಸ್‌ಪಿರೇಶನ್ ಆಫ್ ಮಾಡಿದೆ, ಹಳೇ ಪಾಸ್‌ವರ್ಡೇ ಮತ್ತೆ ನಡೆಯಿತು. ಆಮೇಲೆ ಸಿಸ್ ಡಾಟ್ ಎಸ್‌ಕ್ಯೂಎಲ್ ಲಾಗಿನ್ಸ್ ಎಂಬ ಪಟ್ಟಿ ತೆಗೆದು, ಅವಧಿಯ ಕಾಲಂನಲ್ಲಿ 1 ಇರುವ ಸಾಲುಗಳನ್ನು ನೋಡಿದೆ. ಇನ್ನೂ ಐದು ಲಾಗಿನ್ ಇದ್ದವು. ಎರಡಕ್ಕೆ ಮರುದಿನವೇ ಗಡುವು.

ಆ ಐದರಲ್ಲಿ ಒಂದು ರಿಪೋರ್ಟ್ ತಂಡದ್ದು. ಅದರಲ್ಲಿ ಟಿಕ್ ತೆಗೆಯಲು ಹೋದರೆ 15128 ಬಂತು. ಪಾಸ್‌ವರ್ಡ್ ಬದಲಿಸಲೇಬೇಕು ಎಂಬ ಷರತ್ತು ಬಾಕಿ ಇರುವಾಗ ಪಾಲಿಸಿಯನ್ನಾಗಲೀ ಅವಧಿಯನ್ನಾಗಲೀ ಆಫ್ ಮಾಡಲು ಬಿಡುವುದಿಲ್ಲ ಎನ್ನುತ್ತದೆ ಅದು. ಕಿಟಕಿಯಲ್ಲಿ ನೋಡಿದರೆ ಆ ಮೂರನೇ ಟಿಕ್ ಮಸುಕಾಗಿ ಕೂತಿದೆ, ಒತ್ತಲೂ ಬರುವುದಿಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಉತ್ತರ ಇರುವುದು ಕ್ರಮದಲ್ಲಿ. ಮೊದಲು ಆಲ್ಟರ್ ಲಾಗಿನ್‌ನಲ್ಲಿ ಪಾಸ್‌ವರ್ಡ್ ಕೊಡಬೇಕು, ಆದರೆ ಮಸ್ಟ್ ಚೇಂಜ್ ಎಂಬ ಪದ ಸೇರಿಸಬಾರದು. ಅಷ್ಟಕ್ಕೇ ಬಾಕಿ ಇದ್ದ ಷರತ್ತು ಹೋಗುತ್ತದೆ. ಆಮೇಲೆ ಬೇರೆಯೇ ಆಜ್ಞೆಯಾಗಿ ಚೆಕ್ ಎಕ್ಸ್‌ಪಿರೇಶನ್ ಆಫ್. ಎರಡನ್ನೂ ಬೇರೆ ಬೇರೆಯಾಗಿ ಓಡಿಸಿದ ಮೇಲೆ ಸದ್ದಿಲ್ಲದೆ ಆಯಿತು.

ಇದಾದ ಕೆಲವು ದಿನಕ್ಕೆ ಹೊಸ ಲಾಗಿನ್ ಒಂದನ್ನು ಮಾಡಬೇಕಾಯಿತು. ಕೇಳಿದವರು ತಾವೇ ಪಾಸ್‌ವರ್ಡ್ ಬರೆದು ಕೊಟ್ಟಿದ್ದರು. ಮೊದಲು 15116, ಅಂದರೆ ಗಿಡ್ಡವಾಯಿತು. ಎಷ್ಟು ಅಕ್ಷರ ಬೇಕೆಂದು ಎಸ್‌ಕ್ಯೂಎಲ್ ಸರ್ವರ್ ಹೇಳುವುದಿಲ್ಲ. ಯಾಕೆಂದರೆ ನಿಯಮ ಅದರದ್ದಲ್ಲ, ಕೆಳಗಿರುವ ವಿಂಡೋಸ್‌ನದು. ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್ ಅಕೌಂಟ್ಸ್ ಎಂದು ಬರೆದರೆ ಕನಿಷ್ಠ ಉದ್ದ, ಆಯಸ್ಸು, ಎಷ್ಟು ತಪ್ಪಿಗೆ ಬೀಗ ಎಲ್ಲವೂ ಒಂದೇ ಪರದೆಯಲ್ಲಿ ಕಾಣುತ್ತವೆ. ಲೋಕಲ್ ಸೆಕ್ಯುರಿಟಿ ಪಾಲಿಸಿಯಲ್ಲೂ ನೋಡಬಹುದು. ಆದರೆ ನಮ್ಮ ಯಂತ್ರ ಡೊಮೈನ್‌ಗೆ, ಅಂದರೆ ಒಂದೇ ಕಡೆಯಿಂದ ನಿಯಂತ್ರಿಸುವ ಯಂತ್ರಗಳ ಗುಂಪಿಗೆ, ಸೇರಿದ್ದರಿಂದ ಅಲ್ಲಿನ ಅಂಕಿಗಳನ್ನು ಬದಲಿಸಲು ಆಗುತ್ತಿರಲಿಲ್ಲ. ಅವು ಮೇಲಿನಿಂದ ಬರುತ್ತವೆ.

ಉದ್ದ ಮಾಡಿದೆವು. ಈಗ 15118 ಬಂತು, ಸಾಕಷ್ಟು ಜಟಿಲವಾಗಿಲ್ಲ ಎಂದು. ದೊಡ್ಡಕ್ಷರ ಇದೆ, ಸಣ್ಣಕ್ಷರ ಇದೆ, ಅಂಕಿ ಇದೆ, ಚಿಹ್ನೆಯೂ ಇದೆ. ನಾಲ್ಕರಲ್ಲಿ ಮೂರು ಬಗೆ ಇದ್ದರೆ ಸಾಕು, ಇಲ್ಲಿ ನಾಲ್ಕೂ ಇವೆ. ಇನ್ನೇನು ಬೇಕು? ಪಾಸ್‌ವರ್ಡನ್ನು ಮೆಲ್ಲಗೆ ಬಾಯಲ್ಲಿ ಓದಿಕೊಂಡಾಗ ಹೊಳೆಯಿತು. ಅದರ ಮೊದಲ ಭಾಗ ಲಾಗಿನ್‌ನ ಹೆಸರೇ ಆಗಿತ್ತು. ಖಾತೆಯ ಹೆಸರು ಪಾಸ್‌ವರ್ಡ್ ಒಳಗೆ ಬರುವಂತಿಲ್ಲ. ಜನ ಪಾಸ್‌ವರ್ಡ್ ಹೊಸೆಯುವುದೇ ಹಾಗೆ ಅಲ್ವಾ, ಹೆಸರಿಗೆ ಒಂದು ಚಿಹ್ನೆ ಅಂಟಿಸಿ, ಪಕ್ಕದಲ್ಲಿ ವರ್ಷ ಬರೆದು. 15118 ಬಂದಾಗ ನಾನೀಗ ಮೊದಲು ನೋಡುವುದು ಇದನ್ನೇ.

ಆಮೇಲೆ ನಾನೇ ಒಂದು ಪಾಸ್‌ವರ್ಡ್ ಹುಟ್ಟಿಸಿ ಕೊಟ್ಟೆ, ಎಲ್ಲ ಬಗೆಯ ಚಿಹ್ನೆ ತುರುಕಿ. ಸರ್ವರ್ ಒಪ್ಪಿತು, ಅಪ್ಲಿಕೇಶನ್ ಒಪ್ಪಲಿಲ್ಲ. ಪಾಸ್‌ವರ್ಡ್ ನಡುವೆ ಒಂದು ಸೆಮಿಕೋಲನ್ ಇತ್ತು. ಅಪ್ಲಿಕೇಶನ್ ಸರ್ವರ್ ವಿಳಾಸ, ಹೆಸರು, ಪಾಸ್‌ವರ್ಡ್‌ಗಳನ್ನು ಸೆಮಿಕೋಲನ್‌ನಿಂದ ಬೇರ್ಪಡಿಸಿ ಬರೆದಿಡುವ ಕನೆಕ್ಷನ್ ಸ್ಟ್ರಿಂಗ್ ಎಂಬ ಸಾಲು ಅಲ್ಲಿಗೇ ಕತ್ತರಿಸಿಕೊಂಡು ಅರ್ಧ ಪಾಸ್‌ವರ್ಡನ್ನೇ ಕಳಿಸುತ್ತಿತ್ತು. ಈಗ ನನ್ನ ರೂಢಿ ಬೇರೆ. ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್ ಇಷ್ಟೇ, ಉದ್ದ ಮಾತ್ರ 30ರ ಮೇಲೆ. ಎಸ್‌ಕ್ಯೂಎಲ್ ಸರ್ವರ್ 128 ಅಕ್ಷರದವರೆಗೆ ಬಿಡುತ್ತದೆ. ಮನುಷ್ಯರು ನೆನಪಿಡಬೇಕಾದದ್ದಲ್ಲ ಎಂದ ಮೇಲೆ ಉದ್ದದ ವಿಷಯದಲ್ಲಿ ಜಿಪುಣತನ ಯಾಕೆ?

ಹೆಚ್ಚು ಕಾಡಿದ್ದು ಬೀಗ ಬೀಳುವ ತೊಂದರೆ. ಬಿಲ್ಲಿಂಗ್ ಲಾಗಿನ್‌ನ ಪಾಸ್‌ವರ್ಡ್ ಬದಲಿಸಿದ ಸಂಜೆ 18486 ಶುರುವಾಯಿತು. ತಪ್ಪು ಪಾಸ್‌ವರ್ಡ್ ಹಲವು ಸಲ ಬಂದು ಖಾತೆಗೆ ಬೀಗ ಬಿದ್ದಿದೆ ಎಂಬ ಎರರ್ ಇದು. ಕಿಟಕಿಯಲ್ಲಿ ಬೀಗದ ಟಿಕ್ ತೆಗೆದರೆ, ಪಾಸ್‌ವರ್ಡನ್ನೂ ಹೊಸದಾಗಿ ಕೊಡು ಎಂದು ಹಟ ಹಿಡಿಯುತ್ತದೆ. ಪಾಸ್‌ವರ್ಡ್ ಮುಟ್ಟದೆ ಬೀಗ ತೆಗೆಯುವ ದಾರಿ ಒಂದಿದೆ. ಚೆಕ್ ಪಾಲಿಸಿ ಆಫ್ ಮಾಡಿ, ಕೂಡಲೇ ಆನ್ ಮಾಡುವುದು. ಕೆಲಸವೇನೋ ಆಗುತ್ತದೆ. ಆದರೆ ಆಫ್ ಮಾಡಿದಾಗ ಹಳೇ ಪಾಸ್‌ವರ್ಡ್‌ಗಳ ಇತಿಹಾಸವೂ ಅಳಿಸಿಹೋಗುತ್ತದೆ, ಚೆಕ್ ಎಕ್ಸ್‌ಪಿರೇಶನ್ ಕೂಡ ಆಫ್ ಆಗುತ್ತದೆ. ಪಾಲಿಸಿ ಆನ್ ಮಾಡಿದಾಗ ಅದು ತಾನಾಗಿ ವಾಪಸ್ ಬರುವುದಿಲ್ಲ. ಮನುಷ್ಯರ ಲಾಗಿನ್ ಆದರೆ ನೆನಪಿಟ್ಟು ಮತ್ತೆ ಹಾಕಬೇಕು.

ಹಾಗೆ ಬೀಗ ತೆಗೆದೆ. ಹತ್ತು ನಿಮಿಷಕ್ಕೆ ಮತ್ತೆ ಬಿತ್ತು. ಮತ್ತೆ ತೆಗೆದೆ, ಮತ್ತೆ ಬಿತ್ತು. ಆಗ ಬುದ್ಧಿ ಬಂತು, ಎರರ್ ಲಾಗ್ ಓದಿದೆ. 18456, ಸ್ಟೇಟ್ 8 ಎಂಬ ಸಾಲುಗಳು ಸಾಲು ಸಾಲಾಗಿದ್ದವು. ಸ್ಟೇಟ್ 8 ಎಂದರೆ ಹೆಸರು ಸರಿ, ಪಾಸ್‌ವರ್ಡ್ ತಪ್ಪು. ಪ್ರತಿ ಸಾಲಿನ ಕೊನೆಯಲ್ಲಿ ಎಲ್ಲಿಂದ ಬಂತು ಎಂಬ ಐಪಿ ವಿಳಾಸ ಇರುತ್ತದೆ. ನೋಡಿದರೆ ನಮ್ಮ ಹಳೇ ಸರ್ವರ್! ಎಲ್ಲರೂ ಮರೆತಿದ್ದ ಒಂದು ಶೆಡ್ಯೂಲ್ ಮಾಡಿದ ಕೆಲಸ ಅಲ್ಲಿಂದಲೇ ಹೊಸ ಸರ್ವರ್‌ನ ಬಾಗಿಲು ಬಡಿಯುತ್ತಿತ್ತು, ಹಳೇ ಪಾಸ್‌ವರ್ಡ್ ಹಿಡಿದುಕೊಂಡು. ಅದನ್ನು ನಿಲ್ಲಿಸಿದ ಮೇಲೆ ಬೀಗ ಬೀಳಲಿಲ್ಲ.

ಈ ಗಲಾಟೆಯ ನಡುವೆ ಒಬ್ಬರು "ಪಾಲಿಸಿ ಆಫ್ ಮಾಡಿ ಬಿಟ್ಟುಬಿಡಿ ಸರ್, ಎಲ್ಲಾ ಕಡೆ ಹಾಗೇ ಮಾಡ್ತಾರೆ" ಎಂದರು. ಮಾಡುತ್ತಾರೆ, ನಿಜ. ಹಿಂದೆ ನಾನೂ ಮಾಡಿದ್ದೇನೆ. ಆದರೆ ಪಾಲಿಸಿ ಆಫ್ ಆದರೆ ಬೀಗವೂ ಹೋಗುತ್ತದೆ. ಯಾರೋ ಕೂತು ರಾತ್ರಿಯಿಡೀ ಪಾಸ್‌ವರ್ಡ್ ಊಹಿಸಿದರೂ ಖಾತೆ ತಡೆಯುವುದಿಲ್ಲ. ಅಪ್ಲಿಕೇಶನ್ ಲಾಗಿನ್‌ಗೆ ಅವಧಿ ಬೇಡ, ಒಪ್ಪುತ್ತೇನೆ. ಬೀಗ ಬೇಕು. ಆದ್ದರಿಂದ ನಮ್ಮಲ್ಲಿ ಯಂತ್ರಗಳು ಬಳಸುವ ಲಾಗಿನ್‌ಗೆ ಪಾಲಿಸಿ ಆನ್, ಅವಧಿ ಆಫ್. ಮನುಷ್ಯರು ಬಳಸುವುದಕ್ಕೆ ಎರಡೂ ಆನ್.

ಪಾಲಿಸಿ ಕಾಲಂನಲ್ಲಿ 1 ಇದ್ದರೆ ಪಾಸ್‌ವರ್ಡ್ ಗಟ್ಟಿ ಎಂದು ಅಂದುಕೊಳ್ಳಬೇಡಿ. ಪಾಸ್‌ವರ್ಡ್ ಇಡುವ ಹೊತ್ತಿನಲ್ಲಿ ಮಾತ್ರ ಉದ್ದ, ಜಟಿಲತೆ ಪರೀಕ್ಷೆ ಆಗುತ್ತದೆ. ಹಳೇ ಸರ್ವರ್‌ನಿಂದ ಹ್ಯಾಶ್ ರೂಪದಲ್ಲೇ, ಅಂದರೆ ಮೂಲ ತಿಳಿಯದಂತೆ ಪರಿವರ್ತಿಸಿದ ರೂಪದಲ್ಲೇ, ತಂದ ಪಾಸ್‌ವರ್ಡ್‌ಗಳನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಒಳಗೇನಿದೆ ಎಂದು ಸರ್ವರ್‌ಗೂ ಗೊತ್ತಿಲ್ಲವಲ್ಲ. ಊಹಿಸಿದ ಪಾಸ್‌ವರ್ಡ್ ಹ್ಯಾಶ್‌ಗೆ ಹೊಂದುತ್ತದೆಯೇ ಎಂದು ಹೇಳುವ ಪಿಡಬ್ಲ್ಯೂಡಿ ಕಂಪೇರ್ ಎಂಬ ಫಂಕ್ಷನ್ ಇಟ್ಟುಕೊಂಡು ಎರಡು ಪ್ರಶ್ನೆ ಹಾಕಿದೆ. ಪಾಸ್‌ವರ್ಡ್ ಖಾಲಿ ಇದೆಯಾ? ಲಾಗಿನ್ ಹೆಸರೇ ಪಾಸ್‌ವರ್ಡ್ ಆಗಿದೆಯಾ? ಖಾಲಿ ಯಾವುದೂ ಇರಲಿಲ್ಲ. ಎರಡನೆಯದಕ್ಕೆ ನಾಲ್ಕು ಸಿಕ್ಕವು. ಅದರಲ್ಲಿ ಒಂದನ್ನು ವರ್ಷಗಳ ಹಿಂದೆ ಮಾಡಿದ್ದು ನಾನೇ.

ಆ ನಾಲ್ಕನ್ನೂ ಬದಲಿಸಿದೆ. ಈ ಸಲ ಬದಲಿಸುವ ಮುಂಚೆ ಒಂದು ವಾರ ಯಶಸ್ವಿ ಲಾಗಿನ್‌ಗಳನ್ನೂ ಲಾಗ್‌ಗೆ ಬರೆಸಿ, ಯಾವ ಲಾಗಿನ್ ಯಾವ ಯಂತ್ರದಿಂದ ಬರುತ್ತಿದೆ ಎಂದು ಪಟ್ಟಿ ಮಾಡಿಕೊಂಡಿದ್ದೆ. ಮನುಷ್ಯರ ಲಾಗಿನ್‌ಗಳಿಗೆ ಒಂದು ಚಿಕ್ಕ ಜಾಬ್ ಇಟ್ಟಿದ್ದೇನೆ. ಅದು ದಿನಾ ಬೆಳಗ್ಗೆ ಲಾಗಿನ್ ಪ್ರಾಪರ್ಟಿ ಫಂಕ್ಷನ್‌ನಿಂದ ಇನ್ನೆಷ್ಟು ದಿನ ಉಳಿದಿದೆ ಎಂದು ನೋಡುತ್ತದೆ. ಏಳಕ್ಕಿಂತ ಕಡಿಮೆ ಇದ್ದರೆ ನನಗೊಂದು, ಆ ಲಾಗಿನ್ ಬಳಸುವವರಿಗೊಂದು ಮೇಲ್ ಹೋಗುತ್ತದೆ. ಅವರು ಓದುವುದಿಲ್ಲ. ನಾನು ಫೋನ್ ಮಾಡುತ್ತೇನೆ.