ಕೆಪಾಸಿಟರ್ ಒಳಗಿನ ಕಾಂತಕ್ಷೇತ್ರ: ಲೆಕ್ಕ ತಪ್ಪದಂತೆ ಮಾಡುವುದು ಹೇಗೆ?

ಚಾರ್ಜ್ ಆಗುತ್ತಿರುವ ಕೆಪಾಸಿಟರ್‌ನ ಎರಡು ಪ್ಲೇಟುಗಳ ನಡುವೆ ಕಾಂತಕ್ಷೇತ್ರ ಎಷ್ಟು? ದ್ವಿತೀಯ ಪಿಯುಸಿಯಲ್ಲಿ ಎಲ್ಲರಿಗೂ ಎದುರಾಗುವ ಲೆಕ್ಕ ಇದು. ಸೂತ್ರ ಬರೆದು ಉತ್ತರ ತರುವವರು ಬಹಳ. ಆದರೆ ‘ಆ ಕಾಂತಕ್ಷೇತ್ರ ಬಂದದ್ದು ಎಲ್ಲಿಂದ?’ ಎಂದು ಕೇಳಿ ನೋಡಿ, ಎಂಎಸ್ಸಿ ಮುಗಿಸಿದವರೂ ತಡವರಿಸುತ್ತಾರೆ.

ಮೊದಲು ಚಿತ್ರ. ಕೈಯಲ್ಲೇ ಬರೆಯಿರಿ, ಪ್ಲೇಟನ್ನು ಪಕ್ಕದಿಂದ ನೋಡಿದ ಹಾಗೆ. ಗೈಡುಗಳಲ್ಲಿ ಪ್ಲೇಟನ್ನು ಸುಮ್ನೆ ಒಂದು ಗೆರೆ ಎಳೆದು ಬಿಟ್ಟಿರುತ್ತಾರೆ. ಅದರೊಳಗೆ ಕರೆಂಟ್ ಹರಿಯುತ್ತದೆ ಎಂಬುದೇ ಅದರಿಂದ ಮರೆತುಹೋಗುತ್ತದೆ. ದುಂಡನೆಯ ಪ್ಲೇಟು, ತ್ರಿಜ್ಯ 5 ಸೆಂ.ಮೀ., ನಡುವೆ 5 ಮಿ.ಮೀ. ಗಾಳಿ. ತಂತಿ ಪ್ಲೇಟಿನ ನಟ್ಟನಡುವೆ ಸೇರಲಿ, ಅದರಲ್ಲಿ 0.1 ಆಂಪಿಯರ್ ಹರಿಯಲಿ.

ಎರಡನೆಯದು, ಬದಲಾವಣೆ ‘ನಿಧಾನ’ವೇ ಎಂದು ನೋಡುವುದು. ಬೆಳಕು 5 ಸೆಂ.ಮೀ. ದಾಟಲು ಸುಮಾರು 0.17 ನ್ಯಾನೊಸೆಕೆಂಡ್ ಸಾಕು. ಬದಲಾವಣೆಗೆ ಅದಕ್ಕಿಂತ ತುಂಬಾ ಜಾಸ್ತಿ ಹೊತ್ತು ಹಿಡಿದರೆ ನಿಧಾನ ಎಂದೇ ಅರ್ಥ. ನಮ್ಮ ಕೆಪಾಸಿಟರ್‌ನಲ್ಲಿ ವೋಲ್ಟೇಜ್ ಒಂದು ಮೈಕ್ರೊಸೆಕೆಂಡಿಗೆ ಸುಮಾರು 7,200 ವೋಲ್ಟ್ ಏರುತ್ತದೆ. ಅದೂ ಇಲ್ಲಿ ನಿಧಾನವೇ!

ಮೂರನೆಯದು ಒಂದೇ ಸಾಲು: ವಿದ್ಯುತ್ ಫ್ಲಕ್ಸ್ (ವಿದ್ಯುತ್ ಕ್ಷೇತ್ರ ಗುಣಿಸು ಅದು ಹಾಯುವ ವಿಸ್ತೀರ್ಣ) ಬದಲಾಗುವ ದರವನ್ನು ಎಪ್ಸಿಲಾನ್-ನಾಟ್ ಎಂಬ ಸ್ಥಿರಾಂಕದಿಂದ ಗುಣಿಸಿದರೆ ಡಿಸ್‌ಪ್ಲೇಸ್‌ಮೆಂಟ್ ಕರೆಂಟ್. ಇಡೀ ಪ್ಲೇಟಿಗೆ ಅದು 0.1 ಆಂಪಿಯರ್, ತಂತಿಯಲ್ಲಿ ಇದ್ದಷ್ಟೇ.

ನಾಲ್ಕನೆಯದು ಲೂಪ್: ಆಂಪಿಯರ್-ಮ್ಯಾಕ್ಸ್‌ವೆಲ್ ನಿಯಮದಂತೆ, ಅದರೊಳಗೆ ಹಾಯುವ ಒಟ್ಟು ಕರೆಂಟಿನಿಂದ ಅದರ ಸುತ್ತಲಿನ ಕಾಂತಕ್ಷೇತ್ರ ಸಿಗುತ್ತದೆ. ನಡುವಿನಿಂದ 2.5 ಸೆಂ.ಮೀ. ದೂರದಲ್ಲಿ ಎಳೆಯಿರಿ. ಅಲ್ಲಿ ಸುತ್ತುವರಿದ ಜಾಗ ಪ್ಲೇಟಿನ ಕಾಲುಭಾಗ, ಹಾಗಾಗಿ ಕರೆಂಟೂ ಕಾಲುಭಾಗ: 0.025 ಆಂಪಿಯರ್. ಇಲ್ಲಿ ಪೂರ್ತಿ 0.1 ಹಾಕುವವರು ನಾಲ್ಕು ಪಟ್ಟು ದೊಡ್ಡ ಉತ್ತರ ತರುತ್ತಾರೆ. ಸೊನ್ನೆಗಳ ಕಾಟ ಬೇಡವಾದರೆ ಈ ಒಳದಾರಿ ಹಿಡಿಯಿರಿ: 0.2ನ್ನು ಆಂಪಿಯರ್‌ನಿಂದ ಗುಣಿಸಿ, ಮೀಟರ್‌ನಲ್ಲಿರುವ ದೂರದಿಂದ ಭಾಗಿಸಿ, ಉತ್ತರ ಮೈಕ್ರೊಟೆಸ್ಲಾದಲ್ಲಿ ಬರುತ್ತದೆ. ಇಲ್ಲಿ 0.2 ಮೈಕ್ರೊಟೆಸ್ಲಾ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರವೇ 40ರ ಆಸುಪಾಸು ಇದೆ. ಮೊಬೈಲಿನ ಕಾಂತಮಾಪಕ ಆ್ಯಪ್ ಹಿಡಿದು ಇದನ್ನು ಅಳೆಯಲು ಹೋಗಬೇಡಿ. ಮೈಕ್ರೊಸೆಕೆಂಡಿನಲ್ಲಿ ಮುಗಿಯುವ ಸಂಗತಿ ಅದಕ್ಕೆ ಕಾಣುವುದೇ ಇಲ್ಲ.

ಈಗ ಐದನೆಯದು. ಎಲ್ಲರೂ ಎಡವುವ ಜಾಗ ಇದು, ನಿಧಾನವಾಗಿ ಓದಿ. ಅದೇ ಲೂಪನ್ನು ಬಾಯಿಯಾಗಿಸಿ, ಚಪ್ಪಟೆ ಮೇಲ್ಮೈ ಬದಲು ಚೀಲದಂಥ ಮೇಲ್ಮೈ ಕಟ್ಟಿ. ಅದು ಪ್ಲೇಟನ್ನು ಸೀಳಿಕೊಂಡು ಹಿಂದಕ್ಕೆ ಹೋಗಿ ತಂತಿಯನ್ನು ಕತ್ತರಿಸಲಿ. ತಂತಿಯಿಂದ 0.1 ಆಂಪಿಯರ್ ಒಳಗೆ ಬಂತು. ಸರಿ, ಆದರೆ ಪ್ಲೇಟಿನಲ್ಲಿ? ಕಾಲುವೆಯ ನೀರು ದಾರಿಯುದ್ದಕ್ಕೂ ಗದ್ದೆಗಳಿಗೆ ಬಿಟ್ಟುಕೊಡುತ್ತಾ ಹೋದಂತೆ, ಕರೆಂಟ್ ನಡುವಿನಿಂದ ಅಂಚಿನ ಕಡೆ ಚಾರ್ಜ್ ಬಿಡುತ್ತಾ ಹರಿಯುತ್ತದೆ. 2.5 ಸೆಂ.ಮೀ. ತಲುಪುವಾಗ ಕಾಲುಭಾಗ ಇಳಿದಿರುತ್ತದೆ, ಉಳಿದ 0.075 ಆಂಪಿಯರ್ ಚೀಲದಿಂದ ಹೊರಗೆ ಹೋಗುತ್ತದೆ. 0.1ರಲ್ಲಿ 0.075 ಕಳೆದರೆ ಮತ್ತದೇ 0.025! ಡಿಸ್‌ಪ್ಲೇಸ್‌ಮೆಂಟ್ ಕರೆಂಟನ್ನು ಮುಟ್ಟದೆಯೇ ಉತ್ತರ ಬಂತು, ಅಲ್ವಾ? ಪ್ಲೇಟಿನ ಬೆನ್ನಿಗೆ 0.8 ಮೈಕ್ರೊಟೆಸ್ಲಾ, ಪ್ಲೇಟಿನ ಕರೆಂಟ್ ಅದರಲ್ಲಿ 0.6 ತಗ್ಗಿಸುತ್ತದೆ, ಒಳಗೆ 0.2 ಉಳಿಯುತ್ತದೆ.

ಹಾಗಾಗಿ ನನ್ನ ಸಲಹೆ ಖಡಾಖಂಡಿತ. ಆಂಪಿಯರ್-ಮ್ಯಾಕ್ಸ್‌ವೆಲ್ ನಿಯಮ ಬಳಸುತ್ತೀರಾ? ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ಬಿಡಲೇಬೇಡಿ, ಬಿಟ್ಟರೆ ಚಪ್ಪಟೆ ಮೇಲ್ಮೈಗೆ ಸೊನ್ನೆ ಬರುತ್ತದೆ. ಕರೆಂಟಿನ ಒಂದೊಂದು ತುಣುಕಿನ ಕಾಂತಕ್ಷೇತ್ರ ಕೂಡಿಸುವ ಬಯೋ-ಸವಾರ್ಟ್ ನಿಯಮ ಬಳಸುತ್ತೀರಾ? ತಂತಿ ಮತ್ತು ಪ್ಲೇಟುಗಳ ಕರೆಂಟ್ ಮಾತ್ರ ಹಾಕಿ. ನಿಧಾನ ಬದಲಾವಣೆಯಲ್ಲಿ ವಿದ್ಯುತ್ ಕ್ಷೇತ್ರ ಬರೀ ಚಾರ್ಜುಗಳಿಂದ ಹುಟ್ಟಿದ್ದು, ಅದಕ್ಕೆ ಸುಳಿ (ಕರ್ಲ್) ಇಲ್ಲ. ಆದ್ದರಿಂದ ಇಡೀ ಜಾಗದ ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ಸೇರಿಸಿದರೂ ಬಯೋ-ಸವಾರ್ಟ್‌ನಲ್ಲಿ ಅದರ ಪಾಲು ಸೊನ್ನೆ. ಪ್ಲೇಟುಗಳ ನಡುವಿನದನ್ನಷ್ಟೇ ಸೇರಿಸಿ ಅಂಚಿನಾಚೆಯದನ್ನು ಬಿಟ್ಟರೆ ಉತ್ತರ ಕೆಡುತ್ತದೆ. ಫ್ರೆಂಚ್ ಮತ್ತು ಟೆಸ್‌ಮನ್ ಎಂಬ ಭೌತವಿಜ್ಞಾನಿಗಳು 1963ರಲ್ಲೇ ಇದನ್ನು ಬಿಡಿಸಿ ಬರೆದಿದ್ದರು. 1985ರಲ್ಲಿ ಬಾರ್ಟ್‌ಲೆಟ್ ಮತ್ತು ಕಾರ್ಲ್ ಎಂಬಿಬ್ಬರು ಸ್ಕ್ವಿಡ್ ಎಂಬ ಅತಿಸೂಕ್ಷ್ಮ ಕಾಂತಮಾಪಕ ಉಪಕರಣದಿಂದ ಕೆಪಾಸಿಟರ್ ಒಳಗೆ ಅಳೆದರು. ಅವರು ಅಳೆದದ್ದು ಕಾಂತಕ್ಷೇತ್ರವನ್ನು. ಅದನ್ನು ಹುಟ್ಟಿಸಿದ್ದು ಖಾಲಿ ಜಾಗವೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಬೆಳಕು, ರೇಡಿಯೊ ಅಲೆಗಳಂಥ ವೇಗದ ಬದಲಾವಣೆಗೆ ಈ ಸುಲಭ ದಾರಿ ನಡೆಯುವುದಿಲ್ಲ. ಅಲ್ಲಿ ಮ್ಯಾಕ್ಸ್‌ವೆಲ್ 1860ರ ದಶಕದಲ್ಲಿ ಸೇರಿಸಿದ ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ಇಲ್ಲದೆ ಅಲೆಯೇ ಇಲ್ಲ.

ಕೊನೆಗೆ ಒಂದು ಪರೀಕ್ಷೆ. ತಂತಿಯನ್ನು ನಡುವಿನ ಬದಲು ಪ್ಲೇಟಿನ ಅಂಚಿಗೆ ಜೋಡಿಸಿ. ಒಳಗಿನ ವಿದ್ಯುತ್ ಕ್ಷೇತ್ರ ಹೆಚ್ಚುಕಡಿಮೆ ಮೊದಲಿನಂತೆಯೇ ಏರುತ್ತದೆ, ಡಿಸ್‌ಪ್ಲೇಸ್‌ಮೆಂಟ್ ಕರೆಂಟೂ ಅಷ್ಟೇ. ಆದರೂ ಕಾಂತಕ್ಷೇತ್ರ ಬದಲಾಗುತ್ತದೆ, ನಾಲ್ಕನೆಯ ಹಂತದ ದುಂಡು ಲೂಪ್ ಕೆಲಸಕ್ಕೆ ಬರುವುದಿಲ್ಲ. ಆಗ ಪ್ಲೇಟಿನಲ್ಲಿ ಕರೆಂಟ್ ಯಾವ ದಾರಿಯಲ್ಲಿ ಹರಡುತ್ತದೆ ಎಂದು ಮೊದಲು ಬರೆದುಕೊಂಡು, ಬಯೋ-ಸವಾರ್ಟ್‌ನಿಂದ ಲೆಕ್ಕ ಶುರುಮಾಡಿ.