ಮೂಗಿನ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ನಾನು ವೈದ್ಯರನ್ನು ಕೇಳಿದ್ದು

ಕಾಲೇಜಿನ ದಿನಗಳಲ್ಲಿ ಮಂಡ್ಯದಲ್ಲಿ ಸ್ಕೂಟರಿನಿಂದ ಬಿದ್ದು ಮುರಿದ ನನ್ನ ಮೂಗಿನ ಮೂಳೆ ಓರೆಯಾಗಿಯೇ ಕೂಡಿಕೊಂಡಿತ್ತು. ಎಡ ಹೊಳ್ಳೆಯಲ್ಲಿ ಉಸಿರು ಸರಾಗವಾಗಿ ಆಡುತ್ತಿರಲಿಲ್ಲ, ಜೊತೆಗೆ ಮೂಗಿನ ನಡುವೆ ಒಂದು ಉಬ್ಬು ಉಳಿದಿತ್ತು. ಒಳಗಿನ ಗೋಡೆಯನ್ನು ನೆಟ್ಟಗೆ ಮಾಡುವ ಸೆಪ್ಟೋಪ್ಲಾಸ್ಟಿ ಬೇರೆ, ಹೊರಗಿನ ಆಕಾರವನ್ನು ತಿದ್ದುವ ರೈನೋಪ್ಲಾಸ್ಟಿ ಬೇರೆ. ಎರಡನ್ನೂ ಒಟ್ಟಿಗೆ ಮಾಡುವುದೂ ಉಂಟು. ಆದ್ದರಿಂದ ನನಗೆ ಬೇಕಾದದ್ದು ಉಸಿರೋ, ಆಕಾರವೋ, ಎರಡೂ ಆದರೆ ಯಾವುದು ಮೊದಲು ಎಂಬುದನ್ನು ವೈದ್ಯರ ಬಳಿ ಹೋಗುವ ಮುನ್ನವೇ ಕಾಗದದ ಮೇಲೆ ಬರೆದಿಟ್ಟುಕೊಂಡೆ. "ಮದುವೆಯಾಗಿ ಮಕ್ಕಳಾದ ಮೇಲೆ ಮೂಗಿಗೆ ಕತ್ತರಿ ಯಾಕವ್ವ?" ಎಂದು ಅಮ್ಮ ಕೇಳಿದಾಗ ನನ್ನಲ್ಲಿ ಉತ್ತರ ಸಿದ್ಧವಿದ್ದುದು ಆ ಕಾಗದದಿಂದಲೇ. ಅದೇ ಪ್ರಶ್ನೆಯನ್ನು ಮುಂದೆ ವೈದ್ಯರೂ ಕೇಳಿದರು.

ವಿದ್ಯಾರ್ಹತೆಯ ವಿಚಾರವನ್ನು ಸಂಕೋಚವಿಲ್ಲದೆ ಕೇಳಬೇಕು. ಪ್ಲಾಸ್ಟಿಕ್ ಸರ್ಜರಿಯಲ್ಲಿ ತರಬೇತಿ ಪಡೆದವರಿಗೆ ಸಾಮಾನ್ಯವಾಗಿ ಎಂ.ಎಸ್. ಆದ ಮೇಲೆ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಪದವಿ ಇರುತ್ತದೆ. ಕಿವಿ, ಮೂಗು, ಗಂಟಲಿನ ತಜ್ಞರಲ್ಲಿ ಕೆಲವರು ಮೂಗಿನ ಆಕಾರ ತಿದ್ದುವುದರಲ್ಲೂ ಪರಿಣತರಾಗಿರುತ್ತಾರೆ. ಫಲಕದ ಮೇಲಿನ 'ಕಾಸ್ಮೆಟಿಕ್ ಸರ್ಜನ್' ಎಂಬ ಬರಹ ಮಾತ್ರ ಯಾವ ಪದವಿಯನ್ನೂ ಹೇಳುವುದಿಲ್ಲ. ವೈದ್ಯರ ನೋಂದಣಿ ಸಂಖ್ಯೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯಲ್ಲಿ ಹೋಲಿಸಿ ನೋಡಬಹುದು. ಖಾಸಗಿ ಆಸ್ಪತ್ರೆಯಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಪ್ರಕಾರ ನೋಂದಣಿಯಾಗಿದೆಯೇ ಎಂಬುದನ್ನೂ ನಾನು ನೋಡಿಕೊಂಡೆ.

ಎಲ್ಲ ಪ್ರಶ್ನೆಗಳಿಗಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು "ನನ್ನ ಮೂಗಿನಲ್ಲಿ ಯಾವುದನ್ನು ಸರಿಮಾಡಲು ಆಗುವುದಿಲ್ಲ?" ಎಂಬುದು. ಮೊದಲು ಕಂಡ ವೈದ್ಯರು ಕಂಪ್ಯೂಟರಿನಲ್ಲಿ ನನ್ನ ಫೋಟೋ ತಿದ್ದಿ, ಹೀಗೆಯೇ ಆಗುತ್ತದೆ ಎಂದು ತೋರಿಸಿದರು. ಆ ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಪರದೆಯ ಮೇಲೆ ಚರ್ಮಕ್ಕೆ ದಪ್ಪವಿರುವುದಿಲ್ಲ, ಗಾಯ ಮಾಯುವ ಕ್ರಮವೂ ಇರುವುದಿಲ್ಲ. ಮೈಸೂರಿನಲ್ಲಿಯೇ ಕಂಡ ಇನ್ನೊಬ್ಬ ಹಿರಿಯ ವೈದ್ಯರು ಮೂಗಿನ ತುದಿಯನ್ನು ಬೆರಳುಗಳ ನಡುವೆ ಹಿಡಿದು ನೋಡಿ, "ನೋಡಮ್ಮ, ನಿಮ್ಮ ಚರ್ಮ ದಪ್ಪ. ಒಳಗೆ ನಾನು ಎಷ್ಟೇ ತಿದ್ದಿದರೂ ತುದಿ ಚೂಪಾಗಿ ಕಾಣುವುದಿಲ್ಲ. ಉಬ್ಬು ಇಳಿಯುತ್ತದೆ, ಓರೆ ಬಹುಮಟ್ಟಿಗೆ ಹೋಗುತ್ತದೆ, ಪೂರ್ತಿ ಹೋಗುತ್ತದೆಂದು ಹೇಳಲಾರೆ" ಎಂದರು. ಬೇರೆಯವರ ಮಾತಿಗೆ ನೊಂದು ಬಂದಿದ್ದರೆ ಆರು ತಿಂಗಳು ಬಿಟ್ಟು ಬನ್ನಿ ಎಂದೂ ಸೇರಿಸಿದರು. ನಾನು ಅವರನ್ನೇ ಆರಿಸಿಕೊಂಡೆ. ಆಗದು ಎಂದು ಹೇಳಬಲ್ಲವರು ಆಗುತ್ತದೆ ಎಂದಾಗ ಆ ಮಾತಿಗೆ ತೂಕವಿರುತ್ತದೆ ಎಂಬುದು ನನ್ನ ಲೆಕ್ಕ.

ಹಿಂದಿನ ರೋಗಿಗಳ ಚಿತ್ರಗಳನ್ನು ತೋರಿಸಿದಾಗ, ಅವು ಅವರೇ ಮಾಡಿದವೇ, ಒಂದೇ ಬೆಳಕಿನಲ್ಲಿ ಒಂದೇ ಕೋನದಿಂದ ತೆಗೆದವೇ, ಶಸ್ತ್ರಚಿಕಿತ್ಸೆಯಾಗಿ ಎಷ್ಟು ಕಾಲವಾದ ಮೇಲಿನವು ಎಂದು ವಿಚಾರಿಸಿದೆ. ಊತ ಪೂರ್ತಿ ಇಳಿದು ಆಕಾರ ನಿಲ್ಲಲು ಒಂದು ವರ್ಷ, ಚರ್ಮ ದಪ್ಪವಿದ್ದವರಿಗೆ ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯುವುದರಿಂದ, ಮೂರು ತಿಂಗಳಿನ ಚಿತ್ರ ಕೊನೆಯ ಫಲಿತಾಂಶವಲ್ಲ.

ಮೂಗಿಗೆ ಆಧಾರ ಕೊಡಬೇಕಾಗಿ ಬಂದರೆ ಮೃದ್ವಸ್ಥಿಯನ್ನು, ಅಂದರೆ ಬಾಗುವ ಮೆತ್ತನೆಯ ಮೂಳೆಯನ್ನು, ಎಲ್ಲಿಂದ ತೆಗೆಯುತ್ತೀರಿ ಎಂದು ಕೇಳಿದೆ. ಮೊದಲ ಆಯ್ಕೆ ಮೂಗಿನ ಒಳಗೋಡೆಯದು, ಸಾಲದಿದ್ದರೆ ಕಿವಿಯದು, ಇನ್ನೂ ಹೆಚ್ಚು ಬೇಕಾದರೆ ಪಕ್ಕೆಲುಬಿನದು. ಸಿಲಿಕೋನ್ ಬಳಸಿದರೆ ಸೋಂಕು ತಗಲುವ ಅಥವಾ ವರ್ಷಗಳ ಮೇಲೆ ಅದು ಚರ್ಮವನ್ನು ಒತ್ತಿ ಹೊರಬರುವ ಭಯವಿದೆ ಎಂದು ವಿವರಿಸಿದರು. ಈ ಮಾತಿನ ನಡುವೆಯೇ ಅವರು ನಮ್ಮ ಸೀಮೆಗೆ ಹತ್ತಿರದ ಒಂದು ಸಂಗತಿ ಹೇಳಿದರು. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ, ಇಂಗ್ಲಿಷ್ ಸೇನೆಯ ಕೋವಾಸ್‌ಜಿ ಎಂಬ ಎತ್ತಿನಗಾಡಿಯವನಿಗೆ ಪುಣೆಯ ಕಡೆ ಹಣೆಯ ಚರ್ಮದಿಂದಲೇ ಹೊಸ ಮೂಗು ಕಟ್ಟಿದರಂತೆ. ಆ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಅಲ್ಲಿ ಅದೇ ಕ್ರಮದ ಶಸ್ತ್ರಚಿಕಿತ್ಸೆ ನಡೆಸಿದ.

ತೊಡಕುಗಳ ಬಗ್ಗೆ ಕೇಳಿದಾಗ ರಕ್ತಸ್ರಾವ, ಸೋಂಕು, ತುದಿಯ ಮರಗಟ್ಟುವಿಕೆ, ಒಳಗೋಡೆಯಲ್ಲಿ ರಂಧ್ರ, ಉಸಿರಾಟ ಮೊದಲಿಗಿಂತ ಕೆಡುವ ಸಾಧ್ಯತೆ ಎಲ್ಲವನ್ನೂ ಅವರು ಮುಚ್ಚಿಡದೆ ಹೇಳಿದರು. ಮತ್ತೊಮ್ಮೆ ತಿದ್ದಬೇಕಾಗಿ ಬಂದರೆ ಖರ್ಚು ಯಾರದು ಎಂಬುದನ್ನು ನಾನು ಬಿಡಿಬಿಡಿಯಾಗಿ ಕೇಳಿದೆ: ಸರ್ಜನ್ನರ ಶುಲ್ಕ, ಆಪರೇಷನ್ ಥಿಯೇಟರಿನದು, ಅರಿವಳಿಕೆಯದು. ಅವರು ತಮ್ಮ ಶುಲ್ಕ ಬಿಡಲು ಸಿದ್ಧರಿದ್ದರು, ಉಳಿದೆರಡು ನನ್ನದೇ ಎಂದರು. ಅದನ್ನು ಅಂದಾಜು ಪಟ್ಟಿಯಲ್ಲಿ ಬರೆಸಿಕೊಂಡೆ. ಅಪಘಾತದ ನಂತರದ ಪುನರ್ರಚನೆಯನ್ನು ಬಿಟ್ಟರೆ, ಕೇವಲ ಅಂದಕ್ಕಾಗಿ ಮಾಡಿಸುವುದಕ್ಕೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಜಿಎಸ್‌ಟಿ ವಿನಾಯಿತಿಯೂ ಅದಕ್ಕಿಲ್ಲ. ಹಾಗಾಗಿ ಹಳೆಯ ಅಪಘಾತದ ಚೀಟಿಗಳನ್ನು ಹುಡುಕಿ ತೆಗೆದು, ವಿಮೆಯವರ ಒಪ್ಪಿಗೆಯನ್ನು ಮುಂಚಿತವಾಗಿಯೇ ಪಡೆದೆ.

ಪೂರ್ಣ ಅರಿವಳಿಕೆಯಾದ್ದರಿಂದ ಅರಿವಳಿಕೆ ತಜ್ಞರನ್ನು ಪ್ರತ್ಯೇಕವಾಗಿ ಕಾಣಲೇಬೇಕು. ಅವರಿಗೆ ನುಂಗುವ ಮಾತ್ರೆಗಳನ್ನಷ್ಟೇ ಅಲ್ಲ, ಲೇಹ್ಯ, ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲುಗಳನ್ನೂ ಹೇಳಬೇಕು, ಏಕೆಂದರೆ ಕೆಲವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಬೀಡಿ, ಸಿಗರೇಟು ಸೇದುವವರು ವಾರಗಟ್ಟಲೆ ಮೊದಲೇ ಬಿಡಬೇಕು.

ಬೆಂಗಳೂರನ್ನು ಬಿಟ್ಟು ಮೈಸೂರನ್ನು ಆರಿಸಲು ಕಾರಣ ಸರಳವಾಗಿತ್ತು: ರಾತ್ರಿ ರಕ್ತ ಸುರಿದರೆ ಮಂಡ್ಯದಿಂದ ಒಂದು ಗಂಟೆಯೊಳಗೆ ತಲುಪುವಂತಿರಬೇಕು. ಆ ಹೊತ್ತಿನಲ್ಲಿ ಫೋನ್ ಎತ್ತುವವರು ಯಾರು ಎಂದು ಕೇಳಿ ಸಂಖ್ಯೆ ಬರೆದುಕೊಂಡೆ. ಶಾಲೆಗೆ ದಸರಾ ರಜೆ ಇದ್ದಾಗ ದಿನ ಗೊತ್ತುಮಾಡಿಸಿದೆ. ಮೂಗುಬೊಟ್ಟನ್ನು ಮೊದಲೇ ತೆಗೆಸಿದರು. ಸುಮಾರು ಒಂದು ವಾರ ಮೂಗಿನ ಮೇಲೆ ಪಟ್ಟಿ ಇತ್ತು, ಕಣ್ಣಿನ ಕೆಳಗಿನ ಕಪ್ಪು ಎರಡು ವಾರದಲ್ಲಿ ಹೋಯಿತು. ಕನ್ನಡಕವನ್ನು ಮೂಗಿನ ಮೇಲೆ ಊರುವಂತಿರಲಿಲ್ಲ, ಮೂಗು ಸೀನುವಂತಿರಲಿಲ್ಲ, ಬಗ್ಗಿ ಭಾರ ಎತ್ತುವಂತಿರಲಿಲ್ಲ. ಇವನ್ನೆಲ್ಲ ಮೊದಲೇ ತಿಳಿದಿದ್ದರಿಂದ ಮನೆಗೆಲಸಕ್ಕೆ ಅತ್ತೆಯವರನ್ನು ಕರೆಸಿಕೊಂಡಿದ್ದೆ.

ವರ್ಷ ಕಳೆದ ಮೇಲೆ ಉಸಿರು ಎರಡೂ ಕಡೆ ಸಲೀಸಾಗಿದೆ. ಬಲಗಡೆ ಮಾತ್ರ ಬೆರಳಿಗೆ ಸಿಗುವ ಒಂದು ಸಣ್ಣ ಏರು ಉಳಿದಿದೆ. ಬೇಕಾದರೆ ಅದನ್ನು ಉಜ್ಜಿ ಸಮ ಮಾಡಬಹುದು ಎಂದು ವೈದ್ಯರು ಹೇಳಿದರು. ಹಾಗೆಯೇ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಏನೂ ಆಗುವುದಿಲ್ಲ ಎಂದರು, ಬಿಟ್ಟಿದ್ದೇನೆ.