ಉಂಡ ಕೂಡಲೇ ಸೋಫಾ ಹಿಡಿಯಬೇಡಿ

ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಬಿರಬಿರನೆ ನಡೆಯುವುದು, ಬರುತ್ತಾ ಎರಡು ಬೆಣ್ಣೆ ದೋಸೆ ತಿನ್ನುವುದು, ಆಮೇಲೆ ರಾತ್ರಿವರೆಗೂ ಕುರ್ಚಿ ಬಿಡದೆ ಕೂರುವುದು. ಇದಕ್ಕೆ ವಾಕಿಂಗ್ ಅಂತ ಹೆಸರು! ನಮ್ಮ ಮನೆ ಹುಡುಗರಿಗೆ ನಲವತ್ತಕ್ಕೇ ಶುಗರ್ ಬಂದಿದೆ. ಗಾಡಿ ಕೀ ಎಲ್ಲಿಟ್ಟೆ ಅಂತ ಮನೆಯೆಲ್ಲಾ ತಡಕಾಡುತ್ತಾರೆ, ಕೊನೆಗೆ ನೆನಪಿನ ಶಕ್ತಿಗೆ ಯಾವ ಟಾನಿಕ್ ಒಳ್ಳೆಯದು ಅಂತ ನನ್ನನ್ನೇ ಕೇಳುತ್ತಾರೆ.

ಶುಗರ್ ಅಂದರೆ ಕಾಲು, ಕಣ್ಣು, ಕಿಡ್ನಿ ಅಷ್ಟೇ ಅಂದುಕೊಂಡಿದ್ದೀರಾ? ವರ್ಷಗಟ್ಟಲೆ ಏರಿಯೇ ಇದ್ದರೆ ಮಿದುಳಿನ ಸಣ್ಣ ರಕ್ತನಾಳಗಳೂ ಕೆಡುತ್ತವೆ, ಜೊತೆಗೆ ಬಿಪಿ ಇದ್ದರಂತೂ ಕೇಳಲೇಬೇಡಿ. ಫಿನ್‌ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಜನರನ್ನು ಸೇರಿಸಿ, ಅರ್ಧದಷ್ಟು ಜನರಿಗೆ 2 ವರ್ಷ ಊಟ, ವ್ಯಾಯಾಮ, ತಲೆಗೆ ಕೆಲಸ, ಬಿಪಿ ತಪಾಸಣೆ ಎಲ್ಲಾ ಒಟ್ಟಿಗೆ ಮಾಡಿಸಿದರು. 2015ರಲ್ಲಿ ಫಲಿತಾಂಶ ಬಂತು, ಅವರ ತಲೆ ಉಳಿದವರಿಗಿಂತ ಸ್ವಲ್ಪ ಚುರುಕಾಗಿತ್ತು. ಅವರಲ್ಲಿ ಎಲ್ಲರೂ ಶುಗರ್‌ನವರಲ್ಲ, ಅದೇನು ಪವಾಡವೂ ಅಲ್ಲ. ಆದರೆ ಟಾನಿಕ್‌ಗಿಂತ ವಾಸಿ ಅಲ್ವಾ?

ನಾನು ಬಿಡದೇ ಮಾಡುವುದು ಒಂದು, ರೊಟ್ಟಿ ಮುಟ್ಟುವ ಮೊದಲು ಒಂದು ಬಟ್ಟಲು ಮೊಳಕೆಕಾಳು. ಹೆಸರುಕಾಳೋ ಮಡಿಕೆಕಾಳೋ ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಪೂರ್ತಿ ಬಸಿಯಬೇಕು, ತಳದಲ್ಲಿ ಒಂದಿಷ್ಟು ನಿಂತರೂ ಸಂಜೆಗೆ ವಾಸನೆ ಬರುತ್ತದೆ. ಹಳೇ ಪಂಚೆ ತುಂಡು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಗಂಟು ಕಟ್ಟಿ ಪಾತ್ರೆಯಲ್ಲಿಟ್ಟು ಮುಚ್ಚಳ ಓರೆಯಾಗಿ ಮುಚ್ಚಿ. ಸಂಜೆ ಬಟ್ಟೆ ಮೇಲೆ ನೀರು ಚಿಮುಕಿಸಿ, ಸುರಿಯಬೇಡಿ. ನಮ್ಮ ದಾವಣಗೆರೆ ಬೇಸಿಗೆಯಲ್ಲಿ ಮರುದಿನಕ್ಕೇ ಬಾಯಿ ಬಿಡುತ್ತವೆ, ಚಳಿಗಾಲದಲ್ಲಿ ಒಲೆ ಪಕ್ಕ ಇಡಬೇಕು. ಮೊಳಕೆ ಅಕ್ಕಿಕಾಳಿನಷ್ಟಾದರೆ ಸಾಕು. ಹಸಿಯಾಗಿ ತಿನ್ನಬೇಡಿ, ಆವಿಯಲ್ಲಿ ಬೇಯಿಸಿ. ಅದಕ್ಕೆ ಈರುಳ್ಳಿ, ಸೌತೆಕಾಯಿ, ಒಂದು ಹಿಡಿ ಎಳೇ ಮೆಂತ್ಯೆ ಸೊಪ್ಪು, ಮೇಲೆ ಗುರೆಳ್ಳು ಪುಡಿ, ನಿಂಬೆಹಣ್ಣು. ನಾರು, ಪ್ರೋಟೀನು ಮೊದಲು ಹೊಟ್ಟೆ ಸೇರಿದರೆ ಆಮೇಲೆ ತಿಂದ ರೊಟ್ಟಿಯ ಸಕ್ಕರೆ ಧಡಕ್ಕನೆ ಏರುವುದಿಲ್ಲ. ಹಾಂ, ಆ ಬಟ್ಟೆಯನ್ನು ಮೆಷಿನ್‌ಗೆ ಹಾಕಿ ಘಮಘಮ ಲಿಕ್ವಿಡ್ ಸುರಿಯಬೇಡಿ, ಕಾಳಿಗೂ ಅದೇ ವಾಸನೆ ಹಿಡಿಯುತ್ತದೆ. ನನ್ನ ಸೊಸೆ ಒಮ್ಮೆ ಮಾಡಿದ್ದಳು, ಕಾಳೆಲ್ಲಾ ದನದ ಪಾಲಾಯಿತು. ಬಿಸಿನೀರಲ್ಲಿ ಜಾಲಿಸಿ ಬಿಸಿಲಿಗೆ ಒಣಗಿಸಿದರೆ ಮುಗೀತು.

ಉಂಡ ಮೇಲೆ ಹತ್ತು ಹದಿನೈದು ನಿಮಿಷ ಓಣಿಯಲ್ಲೋ ಟೆರೇಸ್ ಮೇಲೋ ನಡೆಯಿರಿ. ಚಿತ್ರದುರ್ಗದಲ್ಲಿ ನಮ್ಮತ್ತೆ ಊಟ ಆದಮೇಲೆ ಕೂತಿದ್ದನ್ನು ನಾನು ನೋಡೇ ಇಲ್ಲ. ಪಾತ್ರೆ, ಅಂಗಳ, ದನದ ಕೊಟ್ಟಿಗೆ ಅಂತ ಓಡಾಡುತ್ತಲೇ ತಿಂಗಳ ಹಾಲಿನ ಲೆಕ್ಕ ಬಾಯಲ್ಲೇ ಹಾಕುತ್ತಿದ್ದರು. ನಿಮಗೆ ಹೆಂಡತಿಯ ಫೋನ್ ನಂಬರ್ ಕೂಡ ಬಾಯಿಗೆ ಬರುವುದಿಲ್ಲ. ವಾರಕ್ಕೆ 150 ನಿಮಿಷ ಅಂತ ಡಾಕ್ಟರುಗಳು ಹೇಳುವುದು ಇದನ್ನೂ ಸೇರಿಸಿಯೇ. ಅದರ ಜೊತೆ ವಾರಕ್ಕೆ ಎರಡು ದಿನ, ಕೈ ಊರದೆ ಕುರ್ಚಿಯಿಂದ ಎದ್ದು ಕೂತು ಮಾಡಿ, ತೊಡೆಗೆ ಬಲ ಬೇಕು. ಬರಿಗಾಲಲ್ಲಿ ಮಾತ್ರ ನಡೆಯಬೇಡಿ.

ಇನ್ನು ಕೆಲವರು ಮಾತ್ರೆ ನುಂಗಿ ತಿಂಡಿ ಬಿಡುತ್ತಾರೆ, ಉಪವಾಸ ಒಳ್ಳೆಯದಂತೆ! ಇನ್ಸುಲಿನ್ ತಗೊಳ್ಳುವವರು, ಶುಗರ್ ತೀರಾ ಇಳಿಸುವ ಮಾತ್ರೆಯವರು ಹೀಗೆ ಮಾಡಿದರೆ ಬೆವರು, ಕೈ ನಡುಕ, ತೊದಲು ಮಾತು. ಮೀಟರ್‌ನಲ್ಲಿ ಶುಗರ್ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಹೀಗೆ ತೀರಾ ಇಳಿಯುವುದು ಪದೇ ಪದೇ ಆದರೂ ತಲೆಗೆ ಒಳ್ಳೆಯದಲ್ಲ.

ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ತುಂಬಾ ವರ್ಷದಿಂದ ನುಂಗುತ್ತಿದ್ದರೆ ವಿಟಮಿನ್ ಬಿ12 ಕಡಿಮೆಯಾಗಬಹುದು, ಅದರಿಂದಲೂ ಮರೆವು ಬರುತ್ತದೆ. ನಮ್ಮ ಹಾಗೆ ಮೊಟ್ಟೆ ಮಾಂಸ ಮುಟ್ಟದ ಮನೆಯವರಂತೂ ಮುಂದಿನ ಸಲ ಹೋದಾಗ ಆ ರಕ್ತ ಪರೀಕ್ಷೆಯನ್ನು ಕೇಳಿ ಬರೆಸಿಕೊಂಡು ಬನ್ನಿ. ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ.